ರೋಮ್: ಒಬ್ಬರು ಕಟ್ಟಿದ್ದು, ಇನ್ನೊಬ್ಬರು ಉಳಿಸಿದ್ದು

ಮಂಗಳವಾರ

ಫಿಯುಮಿಚಿನೊ ವಿಮಾನ ನಿಲ್ದಾಣದಿಂದ ಹೊರಡುವ ಲಿಯೊನಾರ್ಡೊ ಎಕ್ಸ್‌ಪ್ರೆಸ್ ಎಂಬ ರೈಲು ನಡುವೆ ಎಲ್ಲಿಯೂ ನಿಲ್ಲದೆ ಸುಮಾರು ಅರ್ಧ ಗಂಟೆಯಲ್ಲಿ ರೋಮ್ ನಗರದ ಮುಖ್ಯ ನಿಲ್ದಾಣವಾದ ಟರ್ಮಿನಿಯನ್ನು ಮುಟ್ಟುತ್ತದೆ. ನಿಲ್ದಾಣದಿಂದ ಹೊರಗೆ ಬಂದೊಡನೆ ಕ್ರಿಸ್ತಪೂರ್ವ 4ನೆಯ ಶತಮಾನದ ಕೋಟೆಗೋಡೆಯ ಒಂದು ದೊಡ್ಡ ತುಂಡು ಕಣ್ಣಿಗೆ ಬೀಳುತ್ತದೆ. ಸರ್ವಿಯನ್ ಗೋಡೆ ಎಂದು ಕರೆಯಲಾಗುವ ಇದನ್ನು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದುಗಲ್ಲಿನ ದಿಂಡುಗಳಿಂದ ಕಟ್ಟಲಾಗಿದೆ. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಳೆಯದಾದ ಆ ಗೋಡೆಯ ಬಳಿಯಲ್ಲೇ ಬಸ್ಸು ಹಿಡಿಯುವ ಜನರು ತಲೆಯೆತ್ತಿಯೂ ನೋಡದೆ ಸೂಟ್‌ಕೇಸು ಎಳೆದುಕೊಂಡು ಓಡುತ್ತಿದ್ದರು.

ಹೋಟೆಲಿನಲ್ಲಿ ಸಾಮಾನು ಇರಿಸಿ, ಸಂಜೆಯಾಗುವ ಮೊದಲು ನಾನೂ ನನ್ನ ಪತ್ನಿಯೂ ಹತ್ತಿರದಲ್ಲೇ ಇದ್ದ ಸಾಂತಾ ಮರಿಯಾ ದೆಲ್ಲಿ ಆಂಜೆಲಿ ಚರ್ಚಿಗೆ ಹೋದೆವು. ಹೊರಗಿನಿಂದ ನೋಡಿದರೆ ಇದು ಚರ್ಚೆಂದು ತಿಳಿಯುವುದೇ ಕಷ್ಟ. ಬಿರುಕುಬಿಟ್ಟ ಇಟ್ಟಿಗೆಯ ಬಾಗಿದ ಗೋಡೆಯೊಂದರಲ್ಲಿ ಬಾಗಿಲಿದೆ, ಅಷ್ಟೆ. ಚಕ್ರವರ್ತಿ ಡಯೋಕ್ಲೀಷಿಯನ್ ಕ್ರಿ.ಶ. 300ರ ಆಸುಪಾಸಿನಲ್ಲಿ ಕಟ್ಟಿಸಿದ ಸಾರ್ವಜನಿಕ ಸ್ನಾನಗೃಹದ ನಡುಮನೆಯನ್ನು 1560ರ ದಶಕದಲ್ಲಿ ಚರ್ಚಾಗಿ ಪರಿವರ್ತಿಸಿದವನು ಮೈಕೆಲ್ಯಾಂಜೆಲೊ. ಆಗ ಅವನಿಗೆ ಎಂಬತ್ತೈದು ದಾಟಿತ್ತು. ಪುರಾತನ ಕಮಾನುಗಳನ್ನೂ ಕೆಂಪು ಗ್ರಾನೈಟಿನ ಎಂಟು ಏಕಶಿಲಾ ಕಂಬಗಳನ್ನೂ ಅವನು ಹಾಗೆಯೇ ಬಿಟ್ಟು, ನೆಲವನ್ನು ಮಾತ್ರ ಎತ್ತರಿಸಿದ. ಆ ನೆಲದಲ್ಲಿ 1702ರಲ್ಲಿ ಅಳವಡಿಸಿದ ಹಿತ್ತಾಳೆಯ ಮಧ್ಯಾಹ್ನರೇಖೆಯೊಂದಿದೆ. ಮೇಲಿನ ರಂಧ್ರದಿಂದ ಇಳಿಯುವ ಬಿಸಿಲು ಅದನ್ನು ದಾಟುವ ಕ್ಷಣವೇ ನಡುಹಗಲು, ಮತ್ತು 19ನೆಯ ಶತಮಾನದ ನಡುವಿನವರೆಗೂ ರೋಮಿನ ಗಡಿಯಾರಗಳು ಇದನ್ನೇ ಅನುಸರಿಸುತ್ತಿದ್ದವು. ಪ್ರಯಾಣದ ದಣಿವಿನಲ್ಲಿ ಮೊದಲಿಗೆ ನೋಡಿದ ಈ ಕಟ್ಟಡವೇ ಮುಂದಿನ ದಿನಗಳಿಗೆ ಒಂದು ದೃಷ್ಟಿಯನ್ನು ಕೊಟ್ಟಿತು. ಈ ಊರಿನಲ್ಲಿ ಯಾವ ಕಟ್ಟಡವನ್ನು ನೋಡಿದರೂ ಯಾರು ಕಟ್ಟಿದರು ಎಂಬುದರ ಜೊತೆಗೆ, ಆಮೇಲೆ ಅದನ್ನು ಯಾರು ಬಳಸಿದರು, ಯಾರು ದೋಚಿದರು ಎಂದೂ ಕೇಳಬೇಕಾಗುತ್ತದೆ.

ಬುಧವಾರ

ಬುಧವಾರ ಬೆಳಿಗ್ಗೆ ಪೋಪ್ ಅವರ ಸಾರ್ವಜನಿಕ ದರ್ಶನದ ಕಾರಣ ವ್ಯಾಟಿಕನ್ನಿನ ಸುತ್ತ ಜನಸಂದಣಿ ಹೆಚ್ಚು. ಹಾಗಾಗಿ ಆ ದಿನವನ್ನು ಕೊಲೋಸಿಯಂ ಮತ್ತು ಪ್ರಾಚೀನ ರೋಮಿನ ಸಾರ್ವಜನಿಕ ಚೌಕವಾದ ಫೋರಂಗಳಿಗೆ ಮೀಸಲಿಟ್ಟಿದ್ದೆವು. ಎರಡಕ್ಕೂ ಪಾಲಟೈನ್ ಗುಡ್ಡಕ್ಕೂ ಸೇರಿ ಒಂದೇ ಟಿಕೆಟ್ಟು. ಟಿಕೆಟ್ಟಿನ ಮೇಲೆ ಹೆಸರಿರುವುದರಿಂದ ಪಾಸ್‌ಪೋರ್ಟನ್ನು ಜೊತೆಗೆ ಒಯ್ಯಬೇಕು.

ಕೊಲೋಸಿಯಂ 189 ಮೀಟರ್ ಉದ್ದ, 156 ಮೀಟರ್ ಅಗಲದ ಅಂಡಾಕಾರದ ಅಖಾಡ. ಚಕ್ರವರ್ತಿ ನೀರೊ ತನ್ನ ವಿಲಾಸದ ಅರಮನೆಗಾಗಿ ತೋಡಿಸಿದ್ದ ಕೆರೆಯ ಜಾಗವನ್ನು ಅವನ ಬಳಿಕ ಬಂದ ವೆಸ್ಪೇಷಿಯನ್ ಬತ್ತಿಸಿ, ಅಲ್ಲಿ ಜನರ ಮನರಂಜನೆಗೆ ಇದನ್ನು ಕಟ್ಟಿಸತೊಡಗಿದ. ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟಿಸಿದ. ದ್ವೇಷಕ್ಕೆ ಗುರಿಯಾಗಿದ್ದ ಅರಸನೊಬ್ಬನ ಖಾಸಗಿ ತೋಟವನ್ನು ಊರಿಗೆ ಮರಳಿಸುವ ಈ ರಾಜಕೀಯ ಜಾಣತನವನ್ನು ಮೆಚ್ಚಬೇಕು, ಅಲ್ಲಿ ನಡೆದ ಆಟಗಳನ್ನು ಮೆಚ್ಚಲು ಸಾಧ್ಯವಿಲ್ಲದಿದ್ದರೂ. ನೆಲಮಟ್ಟದ ಎಂಬತ್ತು ಕಮಾನುಗಳ ಮೂಲಕ ಸುಮಾರು ಐವತ್ತು ಸಾವಿರ ಜನರು ತಮ್ಮ ತಮ್ಮ ಸಾಲಿಗೆ ಹೋಗುತ್ತಿದ್ದರು. ಉಳಿದಿರುವ ಕಮಾನುಗಳ ಮೇಲೆ ರೋಮನ್ ಅಂಕಿಗಳು ಈಗಲೂ ಕಾಣುತ್ತವೆ. ಅಖಾಡದ ಮರದ ನೆಲ ಹೋಗಿರುವುದರಿಂದ ಅದರ ಅಡಿಯಲ್ಲಿ ಟೈಟಸ್‌ನ ತಮ್ಮ ಡೊಮಿಷಿಯನ್ ಕಟ್ಟಿಸಿದ ಓಣಿಗಳು, ಪ್ರಾಣಿಗಳನ್ನು ಮೇಲಕ್ಕೆ ಎತ್ತುವ ಯಂತ್ರಗಳಿದ್ದ ಗುಂಡಿಗಳು ಬಯಲಾಗಿವೆ.

ನಮ್ಮನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಗೋಡೆಗಳಲ್ಲಿ ತುಂಬಿರುವ ತೂತುಗಳು. ಟಿವೊಲಿಯಿಂದ ತಂದ ಟ್ರಾವರ್ಟೀನ್ ಕಲ್ಲುಗಳನ್ನು ಗಾರೆಯಿಲ್ಲದೆ ಕಬ್ಬಿಣದ ಹಿಡಿಕೆಗಳಿಂದ ಒಂದಕ್ಕೊಂದು ಬಿಗಿಯಲಾಗಿತ್ತು. ಆ ಕಬ್ಬಿಣವೊಂದೇ ಸುಮಾರು 300 ಟನ್ ಇತ್ತೆಂದು ಅಂದಾಜು. ಮಧ್ಯಯುಗದಲ್ಲಿ ಲೋಹಕ್ಕೆ ಬೆಲೆ ಬಂದಾಗ ಜನರು ಕಲ್ಲನ್ನು ಕೊರೆದು ಕಬ್ಬಿಣವನ್ನು ಕಿತ್ತರು. 1349ರ ಭೂಕಂಪದಲ್ಲಿ ದಕ್ಷಿಣದ ಹೊರಗೋಡೆ ಕುಸಿದ ಮೇಲೆ ಬಿದ್ದ ಕಲ್ಲುಗಳು ಗಾಡಿಗಳಲ್ಲಿ ಹೋಗಿ ಅರಮನೆಗಳೂ ಚರ್ಚುಗಳೂ ಆದವು. 1749ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಇದನ್ನು ಹುತಾತ್ಮರ ಪವಿತ್ರ ಸ್ಥಳವೆಂದು ಸಾರಿದ ನಂತರವೇ ಈ ಕಲ್ಲುಗಣಿ ಮುಚ್ಚಿದ್ದು. ಪೂರ್ವದ ಕೊನೆಯಲ್ಲಿ 19ನೆಯ ಶತಮಾನದ ಆರಂಭದ ಇಟ್ಟಿಗೆಯ ಆಸರೆಗೋಡೆಯೊಂದಿದೆ. ಅಲ್ಲಿ ಜಾರುತ್ತಿದ್ದ ಕಮಾನಿನ ಕಲ್ಲುಗಳನ್ನು ಮತ್ತೆ ನೇರ ಮಾಡುವ ಗೋಜಿಗೆ ಹೋಗದೆ, ಜಾರಿದ್ದ ಸ್ಥಿತಿಯಲ್ಲೇ ಇಟ್ಟಿಗೆ ತುಂಬಿ ನಿಲ್ಲಿಸಿದ್ದಾರೆ. ನವೀಕರಣದ ಹೆಸರಿನಲ್ಲಿ ಎಲ್ಲವನ್ನೂ ಹೊಸದರಂತೆ ಮಾಡುವುದಕ್ಕಿಂತ ಇದು ಪ್ರಾಮಾಣಿಕವಾದ ಕೆಲಸವೆಂದು ನನಗನ್ನಿಸಿತು.

ಮಗ್ಗುಲಲ್ಲೇ ಇರುವ ಕಾನ್‌ಸ್ಟಂಟೈನನ ಕಮಾನನ್ನು ಕ್ರಿ.ಶ. 315ರಲ್ಲಿ ನಿಲ್ಲಿಸಿದಾಗ ಅದರ ಉಬ್ಬುಶಿಲ್ಪಗಳಲ್ಲಿ ಹೆಚ್ಚಿನವನ್ನು ಟ್ರೇಜನ್, ಹೇಡ್ರಿಯನ್, ಮಾರ್ಕಸ್ ಔರೇಲಿಯಸ್ ಇವರ ಸ್ಮಾರಕಗಳಿಂದ ತಂದು ಕೂರಿಸಿದರು. ಹಳೆಯ ಶಿಲ್ಪಗಳಲ್ಲಿ ದೇಹಗಳು ತಿರುಗುತ್ತವೆ, ಬಾಗುತ್ತವೆ; ಅವುಗಳ ಕೆಳಗೆ ಕಾನ್‌ಸ್ಟಂಟೈನನ ಕಾಲದವರು ಕೆತ್ತಿದ ಕಿರಿದಾದ ಪಟ್ಟಿಕೆಯಲ್ಲಿ ಕುಳ್ಳಗಿನ ಆಕೃತಿಗಳು ಒತ್ತೊತ್ತಾಗಿ ಸಾಲುಗಟ್ಟಿ ನಿಂತಿವೆ. ಇನ್ನೂರು ವರ್ಷಗಳಲ್ಲಿ ಕೈಚಳಕ ಮತ್ತು ಅಭಿರುಚಿ ಎಷ್ಟು ಬದಲಾದವು ಎಂಬುದನ್ನು ತಿಳಿಯಲು ಬೇರೆ ಪಾಠ ಬೇಡ.

ಫೋರಂನಲ್ಲಿ ಮಧ್ಯಾಹ್ನವೆಲ್ಲ ಕಳೆಯಿತು. ಸಾಮ್ರಾಜ್ಯದ ನಡುಮಧ್ಯದಲ್ಲಿದ್ದ ಈ ಬಯಲು ಕಾಲಕ್ರಮದಲ್ಲಿ ಮಣ್ಣಿನಿಂದ ತುಂಬಿ, ದನಗಳು ಮೇಯುವ ಜಾಗವಾಗಿತ್ತು. ಎಷ್ಟು ಮಣ್ಣು ತುಂಬಿತ್ತೆಂಬುದಕ್ಕೆ ಆಂಟೊನಿನಸ್ ಮತ್ತು ಫೌಸ್ಟಿನಾರ ದೇವಾಲಯವೇ ಸಾಕ್ಷಿ. ಕ್ರಿ.ಶ. 141ರಲ್ಲಿ ಆರಂಭವಾದ ಆ ದೇವಾಲಯದ ಕಂಬಗಳ ಹಿಂದೆ ನಂತರದವರು ಚರ್ಚನ್ನು ಕಟ್ಟಿದರು. ಚರ್ಚಿನ ಹಸಿರು ಬಾಗಿಲು ಈಗ ಯಾರೂ ಹತ್ತಲಾಗದ ಎತ್ತರದಲ್ಲಿ ಗಾಳಿಯಲ್ಲಿ ತೂಗುವಂತೆ ಕಾಣುತ್ತದೆ. ಅದನ್ನು ಇರಿಸಿದ ಕಾಲಕ್ಕೆ ನೆಲವೇ ಅಷ್ಟು ಎತ್ತರದಲ್ಲಿತ್ತು. ಪಕ್ಕದ ಸೆನೆಟ್ ಭವನವಾದ ಕ್ಯೂರಿಯಾ 7ನೆಯ ಶತಮಾನದಲ್ಲಿ ಚರ್ಚಾದ್ದರಿಂದ ಗೋಡೆ, ಮಾಡುಗಳೊಂದಿಗೆ ನಿಂತಿದೆ. ಯಾವ ದೇವರೂ ಹೊಸದಾಗಿ ಬಂದು ನೆಲೆಸದ ಕಟ್ಟಡಗಳಲ್ಲಿ ಮೂರು ಕಂಬಗಳೋ ಎಂಟು ಕಂಬಗಳೋ ಉಳಿದಿವೆ. ಜೂಲಿಯಸ್ ಸೀಸರನ ದೇಹವನ್ನು ಸುಟ್ಟ ಜಾಗದ ತಗಡಿನ ಮಾಡಿನ ಕೆಳಗೆ ಯಾರೋ ಇಟ್ಟುಹೋದ ಹೂಗಳಿದ್ದವು. ಎರಡು ಸಾವಿರ ವರ್ಷಗಳಾದ ಮೇಲೂ ಅವನಿಗೆ ಹೂವಿಡುವವರಿದ್ದಾರೆ.

ಗುರುವಾರ

ನವೆಂಬರ್ ತಿಂಗಳ ಮಳೆ ಬೆಳಿಗ್ಗೆಯೇ ಹಿಡಿಯಿತು. ಪುರಾತನ ದೇವಾಲಯವಾದ ಪ್ಯಾಂಥಿಯನ್ ನೋಡಲು ಇದಕ್ಕಿಂತ ಒಳ್ಳೆಯ ಹವೆ ಇರಲಾರದು. ಮುಂಭಾಗದ ಹಣೆಪಟ್ಟಿಯಲ್ಲಿ ಇದನ್ನು ಕಟ್ಟಿಸಿದವನು ಮಾರ್ಕಸ್ ಅಗ್ರಿಪ್ಪ ಎಂದಿದೆ. ಆದರೆ ಅಗ್ರಿಪ್ಪನ ಕಟ್ಟಡ ಸುಟ್ಟುಹೋಗಿ, ಈಗಿರುವುದು ಹೇಡ್ರಿಯನ್ನನ ಕಾಲದಲ್ಲಿ, ಕ್ರಿ.ಶ. 125ರ ಆಸುಪಾಸಿನಲ್ಲಿ ಮುಗಿದದ್ದು. ತನ್ನ ಹೆಸರನ್ನು ಹಾಕಿಸಿಕೊಳ್ಳದೆ ಹಳೆಯ ದಾನಿಯ ಹೆಸರನ್ನೇ ಮತ್ತೆ ಕೆತ್ತಿಸಿದ ಅರಸನ ಗಾಂಭೀರ್ಯ, ಶಂಕುಸ್ಥಾಪನೆಯ ಫಲಕಗಳನ್ನು ಕಂಡು ಬೆಳೆದ ನಮಗೆ ವಿಶೇಷವಾಗಿ ಕಂಡಿತು.

ಒಳಗಿನ ಗುಮ್ಮಟದ ವ್ಯಾಸ 43.3 ಮೀಟರ್, ನೆಲದಿಂದ ನೆತ್ತಿಯವರೆಗಿನ ಎತ್ತರವೂ ಅಷ್ಟೆ. ಅಂದರೆ ಇಡೀ ಒಳಾಂಗಣದಲ್ಲಿ ಒಂದು ಪೂರ್ಣ ಗೋಳ ಕೂರುತ್ತದೆ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟಿನ ಗುಮ್ಮಟಗಳಲ್ಲಿ ಇಂದಿಗೂ ಇದೇ ಜಗತ್ತಿನಲ್ಲಿ ದೊಡ್ಡದು. ಅದು ನಿಂತಿರುವ ಗುಟ್ಟು ಮಿಶ್ರಣದಲ್ಲಿದೆ: ಬುಡದಲ್ಲಿ ಭಾರವಾದ ಕಲ್ಲಿನ ಚೂರು, ಮೇಲೆ ಹೋದಂತೆ ಹಗುರವಾದದ್ದು, ನೆತ್ತಿಯ ಬಳಿ ನೀರಿನಲ್ಲಿ ತೇಲುವಷ್ಟು ಹಗುರಾದ ಪ್ಯೂಮಿಸ್, ಗೋಡೆಯ ದಪ್ಪವೂ ಹಾಗೆಯೇ ಕಡಿಮೆಯಾಗುತ್ತ ಹೋಗುತ್ತದೆ. ನೆತ್ತಿಯ ತೆರೆದ ಕಿಂಡಿಯಿಂದ ಮಳೆಹನಿಗಳು ಬೆಳಕಿನ ಕಂಬವೊಂದರೊಳಗೆ ಇಳಿದಂತೆ ಇಳಿದು ಅಮೃತಶಿಲೆಯ ನೆಲಕ್ಕೆ ಬೀಳುತ್ತಿದ್ದವು. ನೆಲವು ಸ್ವಲ್ಪ ಉಬ್ಬಿರುವುದರಿಂದ ನೀರು ಹರಿದು ಸಣ್ಣ ರಂಧ್ರಗಳಲ್ಲಿ ಇಂಗುತ್ತದೆ. ಆ ವರ್ತುಲದ ಸುತ್ತ ಹಗ್ಗ ಕಟ್ಟಿದ್ದರು; ನಾವೆಲ್ಲ ಹಗ್ಗದ ಹೊರಗೆ ತಲೆಯೆತ್ತಿ ನಿಂತಿದ್ದೆವು. ಚಿತ್ರಕಾರ ರಾಫೆಲ್‌ನ ಸಮಾಧಿ ಇಲ್ಲಿದೆ, ಏಕೀಕೃತ ಇಟಲಿಯ ಮೊದಲ ದೊರೆಯದೂ ಇದೆ.

609ರಲ್ಲಿ ಚರ್ಚಾದದ್ದೇ ಈ ಕಟ್ಟಡವನ್ನು ಕಾಪಾಡಿತು, ಆದರೆ ಪೂರ್ತಿಯಾಗಿ ಅಲ್ಲ. 663ರಲ್ಲಿ ಬಂದ ಬೈಜಾಂಟಿಯಂ ಚಕ್ರವರ್ತಿ ಎರಡನೆಯ ಕಾನ್‌ಸ್ಟನ್ಸ್ ಮಾಡಿನ ಕಂಚಿನ ಹೆಂಚುಗಳನ್ನು ಕೀಳಿಸಿದ. ಬಾರ್ಬೆರಿನಿ ಮನೆತನದ ಪೋಪ್ ಎಂಟನೆಯ ಅರ್ಬನ್ 1620ರ ದಶಕದಲ್ಲಿ ಮುಖಮಂಟಪದ ಕಂಚಿನ ತೊಲೆಗಳನ್ನು ಬಿಚ್ಚಿಸಿ ಫಿರಂಗಿಗಳನ್ನು ಎರಕ ಹೊಯ್ಯಿಸಿದ. ಬರ್ಬರರು ಮಾಡದ್ದನ್ನು ಬಾರ್ಬೆರಿನಿಗಳು ಮಾಡಿದರು ಎಂದು ಅಂದಿನ ರೋಮನ್ನರು ಪ್ರಾಸಬದ್ಧವಾಗಿ ಆಡಿಕೊಂಡರು.

ಹಿಂಬದಿಯ ಚೌಕದಲ್ಲಿ, 1667ರಲ್ಲಿ ಶಿಲ್ಪಿ ಬರ್ನಿನಿಯ ವಿನ್ಯಾಸದಂತೆ ನಿಲ್ಲಿಸಿದ ಪುಟ್ಟ ಆನೆಯೊಂದು ಈಜಿಪ್ಟಿನ ಸ್ತಂಭವನ್ನು ಬೆನ್ನ ಮೇಲೆ ಹೊತ್ತಿದೆ. ದಸರೆಯ ಆನೆಗಳನ್ನು ನೋಡಿದವರಿಗೆ ಅದರ ಸೊಂಡಿಲು ಅತಿ ಉದ್ದವೆನಿಸಿದರೂ, ತಿರುಗಿ ನೋಡುವ ತುಂಟತನ ಇಷ್ಟವಾಗದಿರದು. ಅಲ್ಲಿಂದ ಕೆಲವೇ ನಿಮಿಷಗಳ ದೂರದ ಪಿಯಾಜ್ಜಾ ನವೋನಾ ಎಂಬ ಉದ್ದನೆಯ ಚೌಕ ಡೊಮಿಷಿಯನ್ನನ ಓಟದ ಅಂಗಳದ ಆಕಾರವನ್ನೇ ಉಳಿಸಿಕೊಂಡಿದೆ. ಸುತ್ತಲಿನ ಮನೆಗಳು ನಿಂತಿರುವುದು ಹಳೆಯ ಪ್ರೇಕ್ಷಕರ ಸೋಪಾನಗಳ ತಳಪಾಯದ ಮೇಲೆ. ಅದರ ನಡುವೆ 1651ರಲ್ಲಿ ಬರ್ನಿನಿ ಪೂರೈಸಿದ ನಾಲ್ಕು ನದಿಗಳ ಕಾರಂಜಿಯಿದೆ: ನೈಲ್, ಡ್ಯಾನ್ಯೂಬ್, ದಕ್ಷಿಣ ಅಮೆರಿಕದ ಪ್ಲಾಟಾ ಮತ್ತು ನಮ್ಮ ಗಂಗೆ. ಗಂಗೆ ಇಲ್ಲಿ ಕೈಯಲ್ಲಿ ಉದ್ದನೆಯ ಹುಟ್ಟು ಹಿಡಿದು ಒರಗಿ ಕುಳಿತ ಗಡ್ಡದ ಗಂಡಸು. ಯೂರೋಪಿನ ಪರಂಪರೆಯಲ್ಲಿ ನದಿಗಳಿಗೆ ಪುರುಷರೂಪವೇ ವಾಡಿಕೆ. ನನ್ನ ಪತ್ನಿ ಒಂದು ಸುತ್ತು ಬಂದು, "ಶಿವನ ಜಟೆಯಲ್ಲಿ ಇವನನ್ನು ಕೂರಿಸುವುದು ಹೇಗೆ?" ಎಂದು ಕೇಳಿದಳು. ಪ್ಲಾಟಾ ನದಿಯ ಮೂರ್ತಿ ಎದುರಿನ ಚರ್ಚು ಬಿದ್ದೀತೆಂದು ಕೈ ಅಡ್ಡ ಹಿಡಿದಿದೆ, ಏಕೆಂದರೆ ಆ ಚರ್ಚಿಗೆ ದುಡಿದ ಬೊರೊಮಿನಿ ಬರ್ನಿನಿಯ ಪ್ರತಿಸ್ಪರ್ಧಿ ಎಂಬ ಕಥೆಯನ್ನು ಮಾರ್ಗದರ್ಶಿಗಳು ಹೇಳುತ್ತಾರೆ. ಕಾರಂಜಿ ಮುಗಿದ ಮರುವರ್ಷ ಚರ್ಚಿನ ಕೆಲಸ ಆರಂಭವಾಯಿತು ಎಂಬುದನ್ನು ಗಮನಿಸಿದರೆ ಕಥೆ ಕುಸಿಯುತ್ತದೆ.

ಕಾಂಪೊ ದೆ ಫಿಯೋರಿಯ ತರಕಾರಿ ಮಾರುಕಟ್ಟೆಯ ನಡುವೆ ಮುಸುಕು ಹೊದ್ದ ಜೊರ್ಡಾನೊ ಬ್ರೂನೊ ನಿಂತಿದ್ದಾನೆ. ನಕ್ಷತ್ರಗಳೂ ಸೂರ್ಯರೇ, ಲೋಕಗಳು ಅನಂತ ಎಂದ ಈ ಚಿಂತಕನನ್ನು ಧರ್ಮದ್ರೋಹದ ಆರೋಪದ ಮೇಲೆ 1600ರ ಫೆಬ್ರವರಿ 17ರಂದು ಸುಟ್ಟದ್ದು ಇದೇ ಚೌಕದಲ್ಲಿ. ಪೋಪರ ಆಳ್ವಿಕೆ ಕೊನೆಗೊಂಡ ಮೇಲೆ, 1889ರಲ್ಲಿ, ಪ್ರತಿಮೆ ಬಂತು.

ಟ್ರೆವಿ ಕಾರಂಜಿಯ ಮುಂದೆ ಸಂಜೆ ನಿಲ್ಲಲೂ ಜಾಗವಿರಲಿಲ್ಲ. ನಿಕೋಲಾ ಸಾಲ್ವಿ ರೂಪಿಸಿದ ಇದು ಅವನು ತೀರಿಕೊಂಡ ಹನ್ನೊಂದು ವರ್ಷಗಳ ನಂತರ 1762ರಲ್ಲಿ ಮುಗಿಯಿತು. ಬೆನ್ನು ತಿರುಗಿಸಿ ಎಸೆಯುವ ನಾಣ್ಯಗಳು ಕಾರಿತಾಸ್ ಎಂಬ ಸೇವಾ ಸಂಸ್ಥೆಯ ಮೂಲಕ ಬಡವರಿಗೆ ಸಲ್ಲುತ್ತವೆ. ಶಿಲ್ಪಕ್ಕಿಂತ ನನಗೆ ದೊಡ್ಡದೆನಿಸಿದ್ದು ಅದರ ನೀರು: ಕ್ರಿಸ್ತಪೂರ್ವ 19ರಲ್ಲಿ ಅಗ್ರಿಪ್ಪ ತರಿಸಿದ ಆಕ್ವಾ ವಿರ್ಗೊ ಕಾಲುವೆಯೇ, ಹಲವು ದುರಸ್ತಿಗಳ ನಂತರ, ಇಂದಿಗೂ ಇದಕ್ಕೆ ಆಧಾರ. ಊರಿನ ಬೀದಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಎರಕದ ಕಬ್ಬಿಣದ ನಲ್ಲಿಗಳು ಹಗಲಿರುಳು ಕುಡಿಯುವ ನೀರನ್ನು ಸುರಿಸುತ್ತವೆ. ಕೊಳವೆಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ. ನೀರಿನ ಬಾಟಲಿಗೆ ಹಣ ಕೊಡುವ ಅಗತ್ಯವೇ ಇಲ್ಲ. ಸ್ಪ್ಯಾನಿಷ್ ಮೆಟ್ಟಿಲುಗಳನ್ನೂ ಆ ದಿನವೇ ನೋಡಿದೆವು. 135 ಮೆಟ್ಟಿಲುಗಳಿವೆ, ಆದರೆ ಕುಳಿತರೆ ದಂಡ. ಕುಳಿತುಕೊಳ್ಳಲಾಗದ ಮೆಟ್ಟಿಲುಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ.

ಶುಕ್ರವಾರ

ವ್ಯಾಟಿಕನ್ ಅರ್ಧ ಚದರ ಕಿಲೋಮೀಟರಿಗೂ ಚಿಕ್ಕದಾದ, 1929ರ ಒಪ್ಪಂದದಿಂದ ಹುಟ್ಟಿದ ಪ್ರತ್ಯೇಕ ರಾಷ್ಟ್ರ. ಅಲ್ಲಿನ ವಸ್ತುಸಂಗ್ರಹಾಲಯಗಳಿಗೆ ಮುಂಗಡ ಟಿಕೆಟ್ಟಿಲ್ಲದೆ ಹೋಗುವುದು ಅವಿವೇಕ. ಭುಜ ಮತ್ತು ಮೊಣಕಾಲು ಮುಚ್ಚಿರಬೇಕೆಂಬ ನಿಯಮವನ್ನು ಬಾಗಿಲಲ್ಲೇ ಪಾಲಿಸುತ್ತಾರೆ. 1506ರಲ್ಲಿ ದ್ರಾಕ್ಷಿತೋಟವೊಂದರಲ್ಲಿ ಸಿಕ್ಕ ಲಾವೊಕೂನ್ ಶಿಲ್ಪದ ಮುಂದೆ, ಹಾವುಗಳು ಸುತ್ತಿಕೊಂಡ ತಂದೆ-ಮಕ್ಕಳ ನೋವಿನ ಮುಂದೆ, ಸಾವಕಾಶವಾಗಿ ನಿಲ್ಲಲು ಸಾಧ್ಯವಾಯಿತು. ರಾಫೆಲ್‌ನ "ಅಥೆನ್ಸಿನ ಶಾಲೆ" ಇರುವ ಕೋಣೆಯಲ್ಲಿ ಅಷ್ಟು ಪುಣ್ಯವಿರಲಿಲ್ಲ. ಹಿಂದಿನ ಗುಂಪು ಮುಂದಿನದನ್ನು ತಳ್ಳುತ್ತಲೇ ಇತ್ತು.

ಸಿಸ್ಟೈನ್ ಚಾಪೆಲ್ಲಿನಲ್ಲಿ ಛಾಯಾಚಿತ್ರ ತೆಗೆಯುವಂತಿಲ್ಲ, ಮಾತನಾಡುವಂತಿಲ್ಲ. ಪಿಸುಮಾತು ಸೇರಿ ಸೇರಿ ಗದ್ದಲವಾದಾಗ ಕಾವಲುಗಾರರು ಧ್ವನಿವರ್ಧಕದಲ್ಲಿ ಎಲ್ಲರಿಗಿಂತ ಜೋರಾಗಿ ಮೌನವನ್ನು ಕೋರುತ್ತಾರೆ. ತಾನು ಶಿಲ್ಪಿಯೇ ಹೊರತು ಚಿತ್ರಕಾರನಲ್ಲ ಎಂದು ಗೊಣಗುತ್ತಲೇ ಮೈಕೆಲ್ಯಾಂಜೆಲೊ 1508ರಿಂದ 1512ರವರೆಗೆ ಈ ಛಾವಣಿಯನ್ನು ಚಿತ್ರಿಸಿದ. ಮಲಗಿ ಚಿತ್ರಿಸಿದನೆಂಬ ಮಾತು ಪ್ರಚಲಿತವಾದರೂ ಅವನು ನಿಂತೇ, ಕತ್ತನ್ನು ಹಿಂದಕ್ಕೆ ಮುರಿದು ಕೆಲಸ ಮಾಡಿದ. ಕುತ್ತಿಗೆಯ ಆ ಯಾತನೆಯ ಬಗ್ಗೆ ಪದ್ಯವನ್ನೂ ಬರೆದ. ಹತ್ತು ನಿಮಿಷ ಮೇಲೆ ನೋಡಿದ ನಮಗೇ ಅದರ ಅರಿವಾಯಿತು. ಎರಡು ದಶಕಗಳ ನಂತರ ಅದೇ ಕೋಣೆಯ ಗೋಡೆಗೆ ಬರೆದ "ಅಂತಿಮ ತೀರ್ಪು" ಇನ್ನೊಬ್ಬ ಮನುಷ್ಯನ ಕೃತಿಯಂತಿದೆ, ಅಷ್ಟು ಕಳವಳ ಅದರಲ್ಲಿ ತುಂಬಿದೆ.

ಸೇಂಟ್ ಪೀಟರ್ಸ್ ಬೆಸಿಲಿಕಾದ ಕೆಲಸ 1506ರಲ್ಲಿ ಆರಂಭವಾಗಿ 1626ರಲ್ಲಿ ಪ್ರತಿಷ್ಠೆಯಾಯಿತು. ಒಳಗೆ ಎಲ್ಲವೂ ಪ್ರಮಾಣಬದ್ಧವಾಗಿರುವುದರಿಂದ ದೊಡ್ಡದೆಂದು ಮೊದಲಿಗೆ ಅನ್ನಿಸುವುದೇ ಇಲ್ಲ. ಕಂಬದ ಬುಡದ ದೇವದೂತ ಮಗುವಿನ ಶಿಲ್ಪದ ಪಕ್ಕದಲ್ಲಿ ಮನುಷ್ಯರು ನಿಂತಾಗಲೇ ಗೊತ್ತಾಗುವುದು. 1972ರಲ್ಲಿ ಒಬ್ಬನು ಸುತ್ತಿಗೆಯಿಂದ ಹೊಡೆದ ನಂತರ ಸತ್ತ ಯೇಸುವನ್ನು ಮಡಿಲಲ್ಲಿಟ್ಟುಕೊಂಡ ಮೇರಿಯ ಶಿಲ್ಪ "ಪಿಯೆಟಾ" ಗಾಜಿನ ಹಿಂದಿದೆ. ಅದನ್ನು ಕಡೆದಾಗ ಮೈಕೆಲ್ಯಾಂಜೆಲೊನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. 136 ಮೀಟರ್ ಎತ್ತರದ ಗುಮ್ಮಟಕ್ಕೆ ಲಿಫ್ಟ್ ಹಿಡಿದರೂ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಲೇಬೇಕು, ಮತ್ತು ಕೊನೆಯ ಹಾದಿಯಲ್ಲಿ ಗೋಡೆಯೇ ಗುಮ್ಮಟದ ಜೊತೆಗೆ ವಾಲುವುದರಿಂದ ನಾವೂ ಒಂದು ಪಕ್ಕಕ್ಕೆ ವಾಲಿಕೊಂಡೇ ನಡೆದೆವು. ಇಷ್ಟೆಲ್ಲ ಆದರೂ ಇದರ ವ್ಯಾಸ ಪ್ಯಾಂಥಿಯನ್ನಿಗಿಂತ ತುಸು ಕಡಿಮೆಯೇ. ಕೆಳಗೆ ಬರ್ನಿನಿಯ ಚೌಕವನ್ನು 284 ಕಂಬಗಳು ನಾಲ್ಕು ಸಾಲುಗಳಲ್ಲಿ ಸುತ್ತುವರಿದಿವೆ. ನೆಲದಲ್ಲಿ ಗುರುತಿಸಿದ ದುಂಡುಕಲ್ಲಿನ ಮೇಲೆ ನಿಂತರೆ ಮೂರು ಸಾಲುಗಳು ಮಾಯವಾಗಿ ಒಂದೇ ಸಾಲು ಕಾಣುತ್ತದೆ.

ಶನಿವಾರ

ರೋಮಿನಲ್ಲಿ ಒಂದೇ ಸ್ಥಳವನ್ನು ನೋಡಲು ಸಮಯವಿರುವ ಸ್ನೇಹಿತರಿಗೆ ನಾನು ಹೇಳುವುದು ಕೊಲೋಸಿಯಂ ಹೆಸರನ್ನಲ್ಲ. ಅಲ್ಲಿಂದ ನಡೆದೇ ಹೋಗಬಹುದಾದ ಸಾನ್ ಕ್ಲೆಮೆಂತೆ ಚರ್ಚನ್ನು. ಬೀದಿಯ ಮಟ್ಟದಲ್ಲಿರುವುದು 12ನೆಯ ಶತಮಾನದ ಬೆಸಿಲಿಕಾ. ಅದರ ಗರ್ಭಭಾಗದ ಮೊಸಾಯಿಕ್‌ನಲ್ಲಿ ಶಿಲುಬೆಯ ಬುಡದಿಂದ ಹೊರಟ ಬಳ್ಳಿ ಬಂಗಾರದ ಹಿನ್ನೆಲೆಯ ಮೇಲೆ ಸುರುಳಿ ಸುರುಳಿಯಾಗಿ ಹಬ್ಬಿದೆ. 1857ರಲ್ಲಿ ಇಲ್ಲಿನ ಐರಿಷ್ ಪಾದ್ರಿ ಜೋಸೆಫ್ ಮಲ್ಲೂಲಿ ನೆಲವನ್ನು ಅಗೆಸಿದಾಗ 4ನೆಯ ಶತಮಾನದ ಇನ್ನೊಂದು ಬೆಸಿಲಿಕಾ ಸಿಕ್ಕಿತು. ಅದರ ಕೆಳಗೆ ಒಂದನೆಯ ಶತಮಾನದ ಕಟ್ಟಡಗಳು, ಅವುಗಳೊಳಗೆ ಕ್ರೈಸ್ತರಲ್ಲದ ರೋಮನ್ನರು ಪೂಜಿಸುತ್ತಿದ್ದ ಮಿತ್ರದೇವನ (ಮಿತ್ರಾಸ್) ಗುಡಿ.

ಮೆಟ್ಟಿಲಿಳಿದಂತೆ ಗಾಳಿ ತಣ್ಣಗಾಗುತ್ತದೆ. ನಡುವಿನ ಅಂತಸ್ತಿನಲ್ಲಿ 11ನೆಯ ಶತಮಾನದ ಕೊನೆಯ ಭಿತ್ತಿಚಿತ್ರವೊಂದಿದೆ: ಸಿಸಿನ್ನಿಯಸ್ ಎಂಬ ಶ್ರೀಮಂತ, ಸಂತ ಕ್ಲೆಮೆಂಟನನ್ನು ಎಳೆದೊಯ್ಯಲು ಆಳುಗಳಿಗೆ ಆಜ್ಞಾಪಿಸುತ್ತಾನೆ, ದೈವಲೀಲೆಯಿಂದ ಅವರು ಸಂತನ ಬದಲು ಕಂಬವನ್ನು ಎಳೆಯುತ್ತಿದ್ದಾರೆ. ಸಿಸಿನ್ನಿಯಸ್ ಆಳುಗಳಿಗೆ ಹಾಕುವ ಬೈಗುಳವನ್ನು ಲ್ಯಾಟಿನ್ನಿನಲ್ಲಲ್ಲದೆ ಅಂದಿನ ಆಡುಮಾತಿನಲ್ಲೇ ಗೋಡೆಯ ಮೇಲೆ ಬರೆದಿದ್ದಾರೆ. ಇಟಾಲಿಯನ್ ಭಾಷೆಯ ಆದಿಮ ಲಿಖಿತ ಮಾದರಿಗಳಲ್ಲಿ ಒಂದು ಚರ್ಚಿನೊಳಗಿನ ಅಶ್ಲೀಲ ಬೈಗುಳ ಎಂಬುದು ಭಾಷಾಭಿಮಾನಿಗಳಿಗೆ ನಗು ತರಿಸುವ ಸಂಗತಿ. ಇನ್ನೂ ಕೆಳಗೆ, ಎರಡೂ ಬದಿಯಲ್ಲಿ ಕಲ್ಲಿನ ಜಗಲಿಯಿರುವ ಗವಿಯಂಥ ಕೋಣೆಯಲ್ಲಿ, ಮಿತ್ರನು ಗೂಳಿಯನ್ನು ಕೊಲ್ಲುವ ಶಿಲ್ಪವುಳ್ಳ ಬಲಿಪೀಠವಿದೆ. ಆಚೆಯ ಕೋಣೆಯಲ್ಲಿ ಗೋಡೆಯ ಹಿಂದಿನಿಂದ ರಭಸದಿಂದ ಹರಿಯುವ ನೀರಿನ ಸದ್ದು ಕೇಳುತ್ತದೆ. ಕಟ್ಟಡವನ್ನು ಮುಳುಗಿಸಿದ್ದ ಈ ನೀರನ್ನು ಹೊರಗೆ ಸಾಗಿಸಲು 20ನೆಯ ಶತಮಾನದ ಆರಂಭದಲ್ಲಿ ಸುರಂಗ ತೋಡಿ, ಪ್ರಾಚೀನ ರೋಮಿನ ಒಳಚರಂಡಿಯಾದ ಕ್ಲೊಯಾಕಾ ಮ್ಯಾಕ್ಸಿಮಾಗೆ ಸೇರಿಸಿದರು. ಆ ಚರಂಡಿ ಇನ್ನೂ ಕೆಲಸ ಮಾಡುತ್ತಿದೆ.

ಮಧ್ಯಾಹ್ನ ಸಾನ್ ಜೊವಾನಿ ಇನ್ ಲಾತೆರಾನೊಗೆ ಹೋದೆವು. ರೋಮಿನ ಧರ್ಮಪ್ರಾಂತ್ಯದ ಮುಖ್ಯ ಚರ್ಚು ಸೇಂಟ್ ಪೀಟರ್ಸ್ ಅಲ್ಲ, ಇದು. ಬುಧವಾರ ಕ್ಯೂರಿಯಾದಲ್ಲಿ ನಾವು ಕಂಡ ಬಾಗಿಲುಗಳು ನಕಲು; ಸೆನೆಟ್ ಭವನದ ಮೂಲ ಕಂಚಿನ ಬಾಗಿಲುಗಳನ್ನು 17ನೆಯ ಶತಮಾನದಲ್ಲಿ ತಂದು ಇಲ್ಲಿ ಹಚ್ಚಿದ್ದಾರೆ, ಹೊಂದಿಕೆಗಾಗಿ ಅಂಚು ಕೂಡಿಸಿ ದೊಡ್ಡದು ಮಾಡಿದ್ದಾರೆ. ಹೊರಗಿನ ಸ್ತಂಭ ಈಜಿಪ್ಟಿನ ಕಾರ್ನಾಕ್ ದೇವಾಲಯದ್ದು. ಇಲ್ಲಿಯ ಮೆಟ್ರೋ ನಿಲ್ದಾಣದಲ್ಲಿ, ಅಗೆತದಲ್ಲಿ ಸಿಕ್ಕ ವಸ್ತುಗಳನ್ನು ಆಳಕ್ಕೆ ತಕ್ಕ ಕಾಲಾನುಕ್ರಮದಲ್ಲಿ ಜೋಡಿಸಿಟ್ಟಿರುವುದರಿಂದ ಎಸ್ಕಲೇಟರಿನಲ್ಲಿ ಇಳಿಯುವವರು ಶತಮಾನಗಳನ್ನೂ ಇಳಿಯುತ್ತಾರೆ. ಸಂಜೆ ನೋಡಿದ ಪ್ರಾಚೀನ ಮಾರ್ಸೆಲಸ್ ರಂಗಮಂದಿರದ ಮೇಲಂತಸ್ತಿನಲ್ಲಿ ಇಂದಿಗೂ ಸಂಸಾರಗಳು ವಾಸವಾಗಿವೆ.

ಭಾನುವಾರ

ಭಾನುವಾರ ವಿಯಾ ದೆಯಿ ಫೋರಿ ಇಂಪೆರಿಯಾಲಿಯಲ್ಲಿ ವಾಹನಗಳಿಗೆ ತಡೆ. ಊರವರು ಮಕ್ಕಳೊಂದಿಗೆ ರಸ್ತೆಯ ನಡುವೆಯೇ ನಡೆಯುತ್ತಾರೆ. ಮುಸೊಲಿನಿ ತನ್ನ ಮೆರವಣಿಗೆಗಳಿಗಾಗಿ ಹಳೆಯ ಮನೆಗಳನ್ನು ಕೆಡವಿಸಿ, ಚಕ್ರವರ್ತಿಗಳ ಫೋರಂಗಳ ಮೇಲೆಯೇ ಹಾಯಿಸಿ 1932ರಲ್ಲಿ ತೆರೆದ ರಸ್ತೆಯಿದು. ಒಂದು ತುದಿಯಲ್ಲಿ ಇಟಲಿಯ ಏಕೀಕರಣದ ಸ್ಮಾರಕ ಬೆಳ್ಳಗೆ ಬೆಟ್ಟದಂತೆ ಕುಳಿತಿದೆ. ಊರವರು ಅದನ್ನು ಟೈಪ್‌ರೈಟರ್ ಎಂದು ಹಾಸ್ಯ ಮಾಡುತ್ತಾರೆ. ಸುತ್ತಲಿನ ಜೇನುಬಣ್ಣದ ಕಲ್ಲುಗಳ ನಡುವೆ ಆ ಬಿಳುಪು ನಿಜಕ್ಕೂ ಒಗ್ಗುವುದಿಲ್ಲ. ಕ್ರಿ.ಶ. 113ರ ಟ್ರೇಜನ್ ಸ್ತಂಭದ ಮೇಲೆ ಡೇಸಿಯಾ (ಈಗಿನ ರೊಮೇನಿಯಾ) ಯುದ್ಧಗಳ ಕಥೆ ಸುರುಳಿಯಾಗಿ ಏರುತ್ತದೆ, ನೆತ್ತಿಯಲ್ಲಿ ಮಾತ್ರ 1587ರಿಂದ ಸಂತ ಪೀಟರ್ ನಿಂತಿದ್ದಾನೆ.

ಕ್ಯಾಪಿಟೊಲೈನ್ ಗುಡ್ಡದ ವಸ್ತುಸಂಗ್ರಹಾಲಯದಲ್ಲಿರುವ ಮಾರ್ಕಸ್ ಔರೇಲಿಯಸ್‌ನ ಕಂಚಿನ ಕುದುರೆ ಸವಾರಿಯ ಮೂರ್ತಿ ಕರಗದೆ ಉಳಿದದ್ದು ಒಂದು ತಪ್ಪು ತಿಳಿವಳಿಕೆಯಿಂದ. ಮಧ್ಯಯುಗದವರು ಅದನ್ನು ಮೊದಲ ಕ್ರೈಸ್ತ ಚಕ್ರವರ್ತಿ ಕಾನ್‌ಸ್ಟಂಟೈನ್ ಎಂದು ನಂಬಿದ್ದರು.

ಅಲ್ಲಿಂದ ಫೋರಂ ಕಡೆ ನೋಡಿದರೆ ಮ್ಯಾಕ್ಸೆಂಷಿಯಸ್ ಬೆಸಿಲಿಕಾದ (ಚರ್ಚಲ್ಲ, ಸಾರ್ವಜನಿಕ ಸಭಾಭವನ) ಮೂರು ಬೃಹತ್ ಕಮಾನುಗಳು ಕಾಣುತ್ತವೆ. ಅದರ ಕೆಳಗೆ, ಇನ್ನೂ ಹಿಂದೆ, ಡೊಮಿಷಿಯನ್ ಕಟ್ಟಿಸಿದ ಕಾಳುಮೆಣಸಿನ ಉಗ್ರಾಣಗಳಿದ್ದವು. ಭಾರತದ ಪಶ್ಚಿಮ ಕರಾವಳಿಯಿಂದ ಕೆಂಪು ಸಮುದ್ರದ ಮೂಲಕ ಬಂದ ಮೆಣಸು ಇಲ್ಲಿ ಚೀಲಗಟ್ಟಲೆ ಸೇರುತ್ತಿತ್ತು. ಖಾರ ಬಿಟ್ಟರೆ ಬೇರೆ ಯಾವ ಗುಣವೂ ಇಲ್ಲದ ಈ ಕಾಳಿಗಾಗಿ ಭಾರತದವರೆಗೆ ಹೋಗುತ್ತಾರಲ್ಲ, ಇದನ್ನು ಬೆಳ್ಳಿ ಬಂಗಾರದಂತೆ ತೂಗುತ್ತಾರಲ್ಲ ಎಂದು ಒಂದನೆಯ ಶತಮಾನದ ರೋಮನ್ ಲೇಖಕ ಹಿರಿಯ ಪ್ಲಿನಿ ದೂರಿದ್ದಾನೆ. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯಗಳನ್ನು ಸೆಳೆದುಕೊಳ್ಳುತ್ತಿದೆ ಎಂದು ಲೆಕ್ಕವನ್ನೂ ಕೊಟ್ಟಿದ್ದಾನೆ. ಆ ವ್ಯಾಪಾರದ ಬೆಳ್ಳಿ ನಮ್ಮ ನಾಡಿಗೂ ಬಂದಿತ್ತು: ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್‌ರ ನಾಣ್ಯಗಳು ಸಿಕ್ಕಿವೆ, 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲೂ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೊಂದು ದೊರೆಯಿತು.

ವಿಮಾನಕ್ಕೆ ಹೊರಡುವ ಮೊದಲು ಊಟಕ್ಕೆ ಕಾಚೊ ಎ ಪೆಪೆ ತರಿಸಿದೆವು: ಕುರಿಹಾಲಿನ ಚೀಸು, ಪಾಸ್ತಾ, ಕರಿಮೆಣಸು, ಇಷ್ಟೇ. ಮಾಂಸ ತಿನ್ನದವರಿಗೆ ರೋಮಿನಲ್ಲಿ ಇದೇ ದೊಡ್ಡ ಆಸರೆ, ಚೀಸಿನಲ್ಲಿ ಹಾಲನ್ನು ಒಡೆಸಲು ಕರುವಿನದೋ ಕುರಿಮರಿಯದೋ ಹೊಟ್ಟೆಯಿಂದ ತೆಗೆದ ರೆನೆಟ್ ಇರುತ್ತದೆ ಎಂಬುದನ್ನು ಒಪ್ಪಿಕೊಳ್ಳುವುದಾದರೆ. ಚೀಸಿನ ಉಪ್ಪು ಒಂದು ಕೈ ಹೆಚ್ಚಾಗಿದೆ, ಮೆಣಸನ್ನು ಮಾತ್ರ ಹದವಾಗಿ ತರಿತರಿಯಾಗಿ ಕುಟ್ಟಿದ್ದಾರೆ ಎಂದು ನನ್ನ ಪತ್ನಿ ತೀರ್ಪಿತ್ತಳು. ಪ್ಲಿನಿಗೆ ರುಚಿಯೇ ಗೊತ್ತಿರಲಿಲ್ಲವೆಂದೂ ಸೇರಿಸಿದಳು.